ಟ್ರೈಸ್ಟಾರ್ ಅಷ್ಟು ಚೆನ್ನಾಗಿದ್ದರೆ ಸೋತಿದ್ದೇಕೆ?

ಪ್ರಶ್ನೆ: ಸರ್, ಹಳೆಯ ದೊಡ್ಡ ವಿಮಾನ ಅಂದರೆ ಎಲ್ಲರಿಗೂ ಜಂಬೋ ಜೆಟ್ ನೆನಪಾಗುತ್ತದೆ. ನೀವು ಮಾತ್ರ ಹೋದ ಸಂಚಿಕೆಯಲ್ಲಿ ಲಾಕ್‌ಹೀಡ್ ಕಂಪನಿಯ ಮೂರು ಎಂಜಿನ್ನಿನ ಪ್ರಯಾಣಿಕ ಜೆಟ್ ಟ್ರೈಸ್ಟಾರನ್ನು ಹಾಡಿ ಹೊಗಳಿದ್ದೀರಿ. ಅಷ್ಟು ಚೆನ್ನಾಗಿದ್ದರೆ ಬರೀ 250 ವಿಮಾನಕ್ಕೇ ನಿಂತಿದ್ದೇಕೆ?

ಉತ್ತರ: ಜಂಬೋ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಎಲ್-1011 ಟ್ರೈಸ್ಟಾರ್‌ನ ಬಾಲ ಒಮ್ಮೆ ನೋಡಿ. ಮೂರನೇ ಎಂಜಿನ್ ಮೈಯ ತುದಿಯಲ್ಲೇ ಕೂತಿದೆ, ಅದಕ್ಕೆ ಬೇಕಾದ ಗಾಳಿ ಮೇಲಿನ ಬಾಯಿಂದ ಒಳಗೆ ಬಂದು, ಹಾವಿನ ಹಾಗೆ ಬಾಗಿದ ಕೊಳವೆಯಲ್ಲಿ ಕೆಳಗಿಳಿದು ಎಂಜಿನ್ ಸೇರುತ್ತದೆ. ಎದುರಾಳಿ ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಮೂರು ಎಂಜಿನ್ನಿನ ಡಿಸಿ-10ರಲ್ಲಿ ಈ ತಾಪತ್ರಯವೇ ಇಲ್ಲ, ಎಂಜಿನ್ ಬಾಲದಲ್ಲೇ ನೇರವಾಗಿದೆ. ಸುಲಭದ ದಾರಿ, ಆದರೆ ಕೊನೆಗೆ ತಂದು ಸಿಕ್ಕಿಸಿದಂತೆ ಕಾಣುತ್ತದೆ. (ಪಕ್ಷಪಾತ ಅಂದುಕೊಂಡರೂ ಸರಿ.)

ಇಳಿಯುವ ರೀತಿ ಇನ್ನೂ ಚಂದ. ಬೇರೆ ವಿಮಾನಗಳು ಇಳಿಯುವ ವೇಗ ಸರಿಮಾಡಿಕೊಳ್ಳಲು ಮೂತಿಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಇದರಲ್ಲಿ ರೆಕ್ಕೆಯ ಮೇಲಿನ ಸ್ಪಾಯ್ಲರ್ ಅನ್ನೋ ಚಪ್ಪಟೆ ಫಲಕಗಳೇ ಚೂರು ಚೂರು ಎದ್ದು ಮಲಗಿ ಆ ಕೆಲಸ ಮಾಡುತ್ತವೆ, ಮೂತಿ ಹೆಚ್ಚು ಅಲುಗಾಡುವುದಿಲ್ಲ. 1972ರ ಮೇ ತಿಂಗಳಲ್ಲಿ ಒಂದು ಟ್ರೈಸ್ಟಾರ್ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಿಂದ ವಾಷಿಂಗ್ಟನ್‌ನ ಡಲಸ್ ನಿಲ್ದಾಣದವರೆಗೆ, ನೆಲ ಬಿಡುವುದರಿಂದ ನೆಲ ಮುಟ್ಟುವವರೆಗೆ, ಆಟೋಪೈಲಟ್‌ನಲ್ಲೇ ಹಾರಿತು. 1972ರಲ್ಲಿ!

ಸೋಲಿಸಿದ್ದು ಎಂಜಿನ್. ಟ್ರೈಸ್ಟಾರ್‌ಗೆಂದು ರೋಲ್ಸ್ ರಾಯ್ಸ್ ಮಾಡುತ್ತಿದ್ದ ಆರ್‌ಬಿ211 ಎಂಜಿನ್ನಿನ ಮುಂದಿನ ಫ್ಯಾನಿಗೆ ಮೊದಲು ಕಾರ್ಬನ್ ಫೈಬರ್ ಬ್ಲೇಡ್ ಹಾಕಿದ್ದರು, ಹಕ್ಕಿ ಬಡಿದರೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಿದಾಗ ಅದು ಪುಡಿಯಾಯಿತು, ಟೈಟಾನಿಯಂಗೆ ಬದಲಾಯಿಸಬೇಕಾಯಿತು, ಖರ್ಚು ಏರುತ್ತಾ ಹೋಗಿ 1971ರ ಫೆಬ್ರುವರಿಯಲ್ಲಿ ಕಂಪನಿಯೇ ದಿವಾಳಿ. ಬ್ರಿಟಿಷ್ ಸರ್ಕಾರ ಕೈಹಿಡಿಯಿತು, ಸರಿ. ಆದರೆ ಟ್ರೈಸ್ಟಾರ್‌ಗೆ ಬೇರೆ ಎಂಜಿನ್ನಿನ ಆಯ್ಕೆಯೇ ಇರಲಿಲ್ಲವಲ್ಲ, ಸುಮ್ನೆ ಕಾಯಬೇಕಾಯಿತು. ಡಿಸಿ-10 1971ರ ಆಗಸ್ಟ್‌ನಲ್ಲೇ ಪ್ರಯಾಣಿಕರನ್ನು ಹೊತ್ತಿತು, ಇದು 1972ರ ಏಪ್ರಿಲ್‌ನಲ್ಲಿ.

ನನ್ನ ಪ್ರಕಾರ ಆ ಎಂಟು ತಿಂಗಳಿಗಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ದೂರದ ಹಾರಾಟ. ಡಿಸಿ-10ರ ದೂರ ಹಾರುವ ಮಾದರಿ ಬೇಗನೇ ಬಂತು. ಟ್ರೈಸ್ಟಾರ್‌ನ ಅಂಥದೇ ಮಾದರಿ, ಟ್ರೈಸ್ಟಾರ್-500, ಬರುವ ಹೊತ್ತಿಗೆ 1979, ಗಿರಾಕಿಗಳು ಆಗಲೇ ಬೇರೆ ಕಡೆ ಹೋಗಿದ್ದರು. ಲಾಕ್‌ಹೀಡ್ ಆಮೇಲೆ ಪ್ರಯಾಣಿಕ ಜೆಟ್ ಮಾಡಲೇ ಇಲ್ಲ. ಕಾಟ ಕೊಟ್ಟ ಎಂಜಿನ್ ಮಾತ್ರ ಗೆದ್ದಿತು ನೋಡಿ, ಬೋಯಿಂಗ್ 747, 757ಗಳಲ್ಲೆಲ್ಲ ಅದೇ ಆರ್‌ಬಿ211!

ಪ್ರಶ್ನೆ: ಈಗ ಯಾವ ಟ್ರೈಸ್ಟಾರಿಗೂ ಕೆಲಸ ಇಲ್ಲವಾ?

ಉತ್ತರ: ಪ್ರಯಾಣಿಕರನ್ನು ಹೊರುವ ಕೆಲಸ ಮುಗಿಯಿತು. ಆದರೆ ಸ್ಟಾರ್‌ಗೇಜರ್ ಅನ್ನೋ ಒಂದು ಟ್ರೈಸ್ಟಾರ್ ಉಪಗ್ರಹ ಹಾರಿಸುವ ಪೆಗಾಸಸ್ ರಾಕೆಟನ್ನು ಹೊಟ್ಟೆಯಡಿ ಕಟ್ಟಿಕೊಂಡು ಹೋಗಿ ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಬಿಡುತ್ತಿತ್ತು. 2021ರಲ್ಲೂ ಒಂದನ್ನು ಬಿಟ್ಟಿದೆ.