ಜ್ಞಾನಸ್ನಾನದ ಕಲ್ಲುತೊಟ್ಟಿಯ ಅಂಚಿನಲ್ಲಿ ತೂತು ಯಾಕೆ?

ಇಂಗ್ಲೆಂಡಿನ ಹಳ್ಳಿಯ ಚರ್ಚೊಂದರಲ್ಲಿ ಜ್ಞಾನಸ್ನಾನದ (ಮಗುವಿಗೆ ನೀರು ಹಾಕಿ ಕ್ರೈಸ್ತ ಧರ್ಮಕ್ಕೆ ಸೇರಿಸುವ ಶಾಸ್ತ್ರದ) ಹಳೇ ಕಲ್ಲುತೊಟ್ಟಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಕಲ್ಲು ಕಿತ್ತು, ತುಕ್ಕಿನ ಕಲೆ ಉಳಿದಿದೆ, ಯಾರಾದರೂ ಬೇಕೆಂದೇ ಒಡೆದದ್ದಾ ಎಂದು ಕೇಳಿದ್ದೀರಿ. ನನಗನಿಸುವಂತೆ ಅದು ಬೀಗದ ಗುರುತು.

ಮಧ್ಯಯುಗದಲ್ಲಿ ತೊಟ್ಟಿಯ ನೀರನ್ನು ಪ್ರತಿ ಮಗುವಿಗೂ ಬದಲಿಸುತ್ತಿರಲಿಲ್ಲ. ಈಸ್ಟರ್ ಹೊತ್ತಿಗೆ ಮಂತ್ರಿಸಿದ ನೀರು ವಾರಗಟ್ಟಲೆ ಅಲ್ಲೇ ಇರುತ್ತಿತ್ತು. ಕಲ್ಲು ನೀರು ಕುಡಿಯಬಾರದೆಂದು ಒಳಗೆ ಸೀಸದ ತಗಡು. ಆ ನೀರನ್ನು ಮಾಟಮಂತ್ರಕ್ಕೆ ಕದ್ದೊಯ್ಯುತ್ತಾರೆಂಬ ಭಯ ಪಾದ್ರಿಗಳಿಗೆ. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ರಿಚ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಿರಿ ಎಂದು ಆಜ್ಞೆಯನ್ನೇ ಹೊರಡಿಸಿದರು. ಅಂಚಿನಲ್ಲಿ ತೂತು ಕೊರೆದು, ಕಬ್ಬಿಣದ ಕೊಂಡಿ ಇಟ್ಟು, ಸೀಸ ಕರಗಿಸಿ ಹೊಯ್ದು ಕೂರಿಸುತ್ತಿದ್ದರು. ಮುಂದೆ ಕೊಂಡಿ ತುಕ್ಕು ಹಿಡಿದು ಉಬ್ಬಿದಾಗಲೋ, ಯಾರೋ ಅದನ್ನು ಮೀಟಿ ತೆಗೆದಾಗಲೋ ಕಲ್ಲೂ ಚಕ್ಕೆ ಎದ್ದು ಬರುತ್ತಿತ್ತು.

ಬೇಕೆಂದೇ ಒಡೆದ ಕಾಲವೂ ಇತ್ತು ಅನ್ನಿ. 1640ರ ದಶಕದಲ್ಲಿ ಪ್ಯೂರಿಟನ್ನರು, ಅಂದರೆ ಚರ್ಚಿನ ಹಳೇ ಆಡಂಬರಗಳನ್ನು ಒಪ್ಪದ ಕಟ್ಟಾ ಪ್ರಾಟೆಸ್ಟೆಂಟರು, ಎಷ್ಟೋ ತೊಟ್ಟಿಗಳನ್ನು ಹೊರಹಾಕಿದರು. ಕೆಲವು ದನ ನೀರು ಕುಡಿಯುವ ಬಾನಿಗಳಾದವು! ಆದರೆ ಹಾಗೆ ಒಡೆಯುವವರು ಸಾಮಾನ್ಯವಾಗಿ ಕೆತ್ತಿದ ಮುಖಗಳಿಗೆ ಪೆಟ್ಟು ಹಾಕುತ್ತಿದ್ದರು, ಅಳತೆ ಹಿಡಿದಂತೆ ಅಂಚಿನ ಎರಡು ತುದಿಗಳಿಗಲ್ಲ.

ಹೆರೆಫರ್ಡ್‌ಶೈರ್ ಕಡೆ ಹೋದರೆ ಅರ್ಡಿಸ್ಲಿ ಹಳ್ಳಿಯ ಚರ್ಚಿನ ತೊಟ್ಟಿ ತಪ್ಪದೆ ನೋಡಿ. ಸುಮಾರು 1150ರದು. ಹೆಣೆದ ಬಳ್ಳಿಗಳ ನಡುವೆ ಕಾದಾಡುವ ಇಬ್ಬರು ಯೋಧರು, ಪಕ್ಕದಲ್ಲಿ ದೊಡ್ಡದೊಂದು ಸಿಂಹ. ನರಕದಿಂದ ಒಬ್ಬನ ಕೈಹಿಡಿದು ಎಳೆಯುತ್ತಿರುವ ಕ್ರಿಸ್ತನೂ ಇದ್ದಾನೆ. ಒಂದು ಸುತ್ತು ಸಾಲದು, ಎರಡು ಸಲ ಸುತ್ತಿ.