ಆ ಹತ್ತು ಮಾರ್ಕಿನ ನೋಟನ್ನು ಎಸೆಯಬೇಡಿ

ಮ್ಯೂನಿಕ್‌ಗೆ ಬಂದು ಮೂರು ವಾರ ಆಯ್ತು ಅಂತ ಬರೆದಿದ್ದೀರಿ. ಬೇಕರಿಯವನು ಕಾರ್ಡ್ ಬೇಡ, ಕಾಸು ಕೊಡಿ ಅಂದನಂತೆ, ಇದು ನಿಜವಾಗ್ಲೂ ಜರ್ಮನಿಯೇನಾ ಅನ್ನೋದು ನಿಮ್ಮ ಮೊದಲ ಪ್ರಶ್ನೆ. ಸಂತೆಯಲ್ಲಿ ಕೊಂಡ ಹಳೇ ಪುಸ್ತಕದಲ್ಲಿ ಯೂರೋಗೆ ಮುಂಚೆ ಇಲ್ಲಿ ನಡೆಯುತ್ತಿದ್ದ ಹತ್ತು ಮಾರ್ಕಿನ ನೋಟು ಸಿಕ್ಕಿದೆ, ಏನು ಮಾಡಲಿ ಅನ್ನೋದು ಇನ್ನೊಂದು.

ನೋಟಿನದು ಸುಲಭ. ಅದರ ಮೇಲೆ ಗಣಿತಜ್ಞ ಗೌಸ್ ಇದ್ದಾರಾ? ಪಕ್ಕದಲ್ಲಿ ಗಂಟೆಯಾಕಾರದ ಗೆರೆ, ಜೊತೆಗೆ ಅದರ ಸೂತ್ರವೂ ಅಚ್ಚಾಗಿರುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಎಸೆಯಲು ಮನಸ್ಸೇ ಬರಲ್ಲ. ಅದಿನ್ನೂ ಸತ್ತಿಲ್ಲ. ಇಲ್ಲಿನ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್‌ನ ಶಾಖೆಗೆ ಹೋದರೆ 5 ಯೂರೋ 11 ಸೆಂಟ್ ಕೊಡುತ್ತಾರೆ. ಶುಲ್ಕ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ದರ 1999ರಲ್ಲೇ ನಿಗದಿಯಾಗಿದೆ: 1 ಯೂರೋಗೆ 1.95583 ಮಾರ್ಕ್. ನಮ್ಮಲ್ಲಿ 2016ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ನೋಟು ರದ್ದಾದದ್ದು ನೆನಪಿದ್ದವರಿಗೆ ಇದು ಬೇರೆ ಲೋಕದ ಮಾತು, ಅಲ್ವಾ?

ಆದರೆ ಇಲ್ಲಿಯವರೂ ಪೆಟ್ಟು ತಿಂದವರೇ. ಬೇಕರಿಯ ವಿಷಯ ಬರೋದು ಅಲ್ಲಿಂದ.

ನಾನು 2000ದಲ್ಲಿ ಬಂದಾಗ ಪಕ್ಕದ ಮನೆಯಲ್ಲೊಬ್ಬ ಅಜ್ಜಿ ಇದ್ದರು. ಒಂದು ದಿನ ಬಿಸ್ಕತ್ತಿನ ಡಬ್ಬಿಯಿಂದ ಅವರ ಮನೆಯಲ್ಲಿ ಉಳಿದಿದ್ದ ನೋಟೊಂದನ್ನು ತೆಗೆದು ತೋರಿಸಿದರು. ಹತ್ತು ಕೋಟಿ ಮಾರ್ಕ್, 1923ರದ್ದು. ಒಂದೇ ಬದಿ ಅಚ್ಚಾಗಿದೆ, ಹಿಂಬದಿ ಖಾಲಿ. ಆ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಅವರಮ್ಮ ಬರೆದಿಟ್ಟ ಹಾಲಿನ ಲೆಕ್ಕ. ಆ ವರ್ಷ ಫ್ರೆಂಚ್ ಸೇನೆ ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್‌ಗೆ ನುಗ್ಗಿತ್ತು. ಕೆಲಸ ನಿಲ್ಲಿಸಿ ಪ್ರತಿಭಟಿಸಿದ ಕಾರ್ಮಿಕರಿಗೆ ಸಂಬಳ ಕೊಡಲು ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಮೊದಲ ಮಹಾಯುದ್ಧದ ಸಾಲ ಮೊದಲೇ ಇತ್ತು. ನವೆಂಬರ್‌ ಹೊತ್ತಿಗೆ ಬರ್ಲಿನ್‌ನಲ್ಲಿ ಒಂದು ಬ್ರೆಡ್ಡಿಗೆ 20,100 ಕೋಟಿ ಮಾರ್ಕ್. ಅಂದರೆ ಅಜ್ಜಿಯ ನೋಟಿನಂಥವು 2010 ಬೇಕು! ಒಂದು ಡಾಲರಿಗೆ 4.2 ಲಕ್ಷ ಕೋಟಿ. ಕೊನೆಗೆ ರೆಂಟನ್‌ಮಾರ್ಕ್ ಅಂತ ಹೊಸದು ತಂದು, ಹಳೆಯ ಒಂದು ಲಕ್ಷ ಕೋಟಿಗೆ ಹೊಸದು ಒಂದು ಅಂದರು. ಜೀವಮಾನದ ಉಳಿತಾಯ ಇಟ್ಟವರಿಗೆ ಕೈಯಲ್ಲಿ ಚಿಪ್ಪು.

ಎರಡನೇ ಪೆಟ್ಟನ್ನು ಅಜ್ಜಿ ಕಣ್ಣಾರೆ ಕಂಡವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಗಿನ ಹಣವಾದ ರೈಖ್ಸ್‌ಮಾರ್ಕ್ ಯಾರಿಗೂ ಬೇಡವಾಗಿ ಸಿಗರೇಟೇ ಹಣವಾಗಿತ್ತು. 1948ರ ಜೂನ್ 20, ಭಾನುವಾರ. ಪಶ್ಚಿಮ ಭಾಗದಲ್ಲಿ ತಲೆಗೆ 40 ಹೊಸ ಡಾಯ್ಚ್‌ಮಾರ್ಕ್ ಹಂಚಿದರು. ಸೋಮವಾರ ಬೆಳಗ್ಗೆ ಅಂಗಡಿಯ ಗಾಜಿನ ಹಿಂದೆ ಬೂಟು, ಬಾಣಲೆ, ಬಟ್ಟೆ ಎಲ್ಲ ಇತ್ತಂತೆ. "ಶನಿವಾರ ಎಲ್ಲಿಟ್ಟಿದ್ದರು ಕಳ್ಳರು!" ಅಂತ ಅಜ್ಜಿಗೆ ಐವತ್ತು ವರ್ಷ ಕಳೆದರೂ ಸಿಟ್ಟು. ಬ್ಯಾಂಕಿನಲ್ಲಿದ್ದ ಹಳೆಯ ನೂರು ಮಾರ್ಕಿಗೆ ಕೊನೆಗೆ ಸಿಕ್ಕಿದ್ದು ಆರೂವರೆ.

ಆದರೆ ಆ ಹೊಸ ಮಾರ್ಕ್ ಗಟ್ಟಿಯಾಗಿ ನಿಂತಿತು. ಅದಕ್ಕೇ ಇವರಿಗೆ ಅದರ ಮೇಲೆ ಅಷ್ಟು ಪ್ರೀತಿ. ಪೂರ್ವ ಜರ್ಮನಿಯವರು ತಮ್ಮ ಹಗುರ ಅಲ್ಯೂಮಿನಿಯಂ ನಾಣ್ಯಗಳನ್ನು 'ಅಲು-ಚಿಪ್ಸ್' ಅಂತ ಗೇಲಿ ಮಾಡುತ್ತಿದ್ದರು. 1990ರ ಜುಲೈ 1ಕ್ಕೆ ಅವರಿಗೂ ಡಾಯ್ಚ್‌ಮಾರ್ಕ್ ಬಂತು.

ಯೂರೋ ಬಂದಾಗ ನಾನೂ ಸಾಲಿನಲ್ಲಿ ನಿಂತಿದ್ದೆ. 2001ರ ಡಿಸೆಂಬರ್‌ನಲ್ಲಿ 20 ಮಾರ್ಕಿಗೆ ನಾಣ್ಯಗಳ ಒಂದು ಪೊಟ್ಟಣ ಕೊಟ್ಟರು. ಮುಂದಿನ ವರ್ಷ ಎಲ್ಲರ ಬಾಯಲ್ಲೂ 'ಟಾಯ್ರೋ'. ಟಾಯರ್ ಅಂದರೆ ದುಬಾರಿ, ಅದನ್ನು ಯೂರೋಗೆ ಅಂಟಿಸಿದ್ದು. ಹೋಟೆಲಿನವರು ಮಾರ್ಕ್ ಅಳಿಸಿ ಅದೇ ಅಂಕಿಯ ಮುಂದೆ ಯೂರೋ ಬರೆದರು ಅಂತ ದೂರು. ಲೆಕ್ಕ ತೆಗೆದರೆ ಒಟ್ಟು ಬೆಲೆ ಅಷ್ಟೇನೂ ಏರಿರಲಿಲ್ಲ, ಆದರೆ ಕಾಫಿಯ ಬಿಲ್ ನೋಡಿದಾಗ ನನಗೂ ಹಾಗೇ ಅನಿಸಿತ್ತು. ಅಜ್ಜಿ ಕೊನೆಯವರೆಗೂ ಬಾಡಿಗೆಯನ್ನು ಎರಡರಿಂದ ಗುಣಿಸಿ ನಿಟ್ಟುಸಿರು ಬಿಡುತ್ತಿದ್ದರು. ನಾನು ರೂಪಾಯಿಗೆ ಗುಣಿಸಿ ಬಿಡುತ್ತಿದ್ದೆ.

ಬೇಕರಿಯವನು ಕಾರ್ಡ್ ಯಂತ್ರದ ಖರ್ಚು ಉಳಿಸುತ್ತಿದ್ದಾನೆ, ಅದೂ ನಿಜ. ಆದರೆ ನಿಮ್ಮ ಮುಂದೆ ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ, ಗಮನಿಸಿದಿರಾ? ಕಣ್ಣಿಗೆ ಕಾಣುವ, ಕೈಗೆ ಸಿಗುವ ಹಣ ಅಂದರೆ ಇವರಿಗೆ ನೆಮ್ಮದಿ. ಈಗ ಮೊದಲಿಗಿಂತ ಕಾರ್ಡ್ ಜಾಸ್ತಿ ನಡೆಯುತ್ತದೆ, ಆದರೂ ನೀವು 'ನೂರ್ ಬಾರ್‌ತ್ಸಾಲುಂಗ್' ಅನ್ನೋ ಬೋರ್ಡ್ ಗುರುತಿಟ್ಟುಕೊಳ್ಳಿ. ನಗದು ಮಾತ್ರ ಅಂತ ಅರ್ಥ. ಐವತ್ತು ಯೂರೋ ಸದಾ ಜೇಬಿನಲ್ಲಿರಲಿ, ಬಿಡಿಯಾಗಿ. ಒಂದು ಯೂರೋ ನಾಣ್ಯ ಬೇರೆಯೇ ಇಟ್ಟುಕೊಳ್ಳಿ. ಸೂಪರ್‌ಮಾರ್ಕೆಟ್ಟಿನ ಟ್ರಾಲಿಗೆ ಬೇಕಾಗುತ್ತದೆ.