ಚುಕ್ಕಿಗಳ ಹಿಂದೆ ಯಾರಿದ್ದರು?

ಸಿದ್ದಾಪುರದ ಓದುಗರೊಬ್ಬರ ಪತ್ರ: "ಹಳೇ ಸಾಮಾನು ಮಾರುವ ಒಂದು ಆನ್‌ಲೈನ್ ಹರಾಜಿನಲ್ಲಿ ಹಿತ್ತಾಳೆಯ ತೂಕ್‌ಬೊಳ್ಚ (ಕೊಡವರ ಮನೆಯ ತೂಗುದೀಪ) ಬಂದಿತ್ತು. ನಾನೂ ಬಿಡ್ ಹಾಕಿದೆ. ಎದುರಿಗೆ ಯಾರಿದ್ದಾರೆ ಅಂತ ಕಾಣಿಸಲೇ ಇಲ್ಲ, ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳು. ಬೆಲೆ ಏರುತ್ತಾ ಹೋಯಿತು, ಕೊನೇ ಕ್ಷಣದಲ್ಲಿ ಯಾರೋ ಹೊಡೆದುಕೊಂಡು ಹೋದರು. ಮಾರುವವನೇ ಬೇನಾಮಿಯಾಗಿ ಬೆಲೆ ಏರಿಸಿರಬಹುದಲ್ಲವೇ? ಹೀಗೆ ಹೆಸರು ಮುಚ್ಚುವುದನ್ನು ನಿಲ್ಲಿಸಬೇಕಲ್ಲವೇ?"

ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬೇಡ, ನಿಲ್ಲಿಸಬಾರದು. ಹೆಸರು ಮುಚ್ಚಿಡಲಿ, ಆದರೆ ಆ ಹೆಸರಿನವನ ನಡತೆ ಮುಚ್ಚಿಡಬಾರದು. ನನ್ನ ತಕರಾರು ಇಷ್ಟೇ.

ನಮ್ಮ ಕೊಡಗು ಜಿಲ್ಲೆ ಎಷ್ಟು ಚಿಕ್ಕದು ಅಂತ ನಿಮಗೆ ಹೇಳಬೇಕಾಗಿಲ್ಲ. ಎದುರಿಗೆ ಬಿಡ್ ಹಾಕುತ್ತಿರುವುದು ತೋಟದ ಸಾಹುಕಾರರೇ ಅಂತ ಗೊತ್ತಾದ ಮೇಲೆ ಅದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಮುಂದೆ ಹೋಗುತ್ತಾನಾ? ದುಡ್ಡಿಲ್ಲ ಅಂತಲ್ಲ, ದಾಕ್ಷಿಣ್ಯ. ನೆಂಟರ ನಡುವೆಯೂ ಅಷ್ಟೇ, ಮುಂದಿನ ಮದುವೆಮನೆಯಲ್ಲಿ ಮುಖ ನೋಡಬೇಕಲ್ಲ. ಹೆಸರು ಕಾಣದಿದ್ದರೆ ಈ ಸಂಕೋಚ ಇರುವುದಿಲ್ಲ, ಬೇಕಾದವನು ಬೇಕಾದಷ್ಟು ಕೂಗಬಹುದು. ಗಣೇಶೋತ್ಸವದ ಕೊನೇ ದಿನ ಬಾಳೆಗೊನೆ ಹರಾಜು ಹಾಕುತ್ತಾರಲ್ಲ, ಅಲ್ಲಿ ಮಾತ್ರ ಲೆಕ್ಕ ಉಲ್ಟಾ. ಕೂಗುವವನ ಹೆಸರು ಮೈಕಿನಲ್ಲಿ ಬಂದರೇ ಗೊನೆಗೆ ಬೆಲೆ. ಅಲ್ಲಿ ಹೆಸರು ಮುಚ್ಚಿದರೆ ಸಮಿತಿಯವರು ಉಪವಾಸ!

ಇನ್ನೊಂದು ಕಾರಣ ಹಳೇ ಸಾಮಾನಿಗೇ ಸಂಬಂಧಿಸಿದ್ದು. ಇಂಥ ಹರಾಜಿನಲ್ಲಿ ಮಾಲು ತಿಳಿದವರು ನಾಲ್ಕೇ ಜನ ಇರುತ್ತಾರೆ. ಅವರಲ್ಲೊಬ್ಬ ಬಿಡ್ ಹಾಕಿದ್ದು ಕಂಡರೆ ಸಾಕು, ಉಳಿದವರೆಲ್ಲ "ಓ, ಇದು ಅಸಲಿ" ಅಂತ ಹಿಂದೆ ಬೀಳುತ್ತಾರೆ. ಅವನು ವರ್ಷಗಟ್ಟಲೆ ಕಲಿತದ್ದು ಪುಕ್ಕಟೆ ಹಂಚಿಹೋಗುತ್ತದೆ. ಹಾಗಾಗಿ ಅವನು ಮರೆ ಬಯಸುವುದು ತಪ್ಪಲ್ಲ. ನಿಮ್ಮಂಥ ಹೊಸಬರಿಗೆ ಇದರಿಂದ ನಷ್ಟ ಇದೆ, ನಿಜ. ತಿಳಿದವರು ಯಾರು, ಸುಮ್ನೆ ಬಂದವರು ಯಾರು ಅಂತ ಗೊತ್ತಾಗದೆ ಕಣ್ಣುಮುಚ್ಚಿ ಕೂಗಬೇಕಾಗುತ್ತದೆ.

ಈಗ ನಿಮ್ಮ ಅನುಮಾನದ ವಿಷಯ. ಮಾರುವವನು ತನ್ನ ಕಡೆಯವರಿಂದ ಬಿಡ್ ಹಾಕಿಸುವುದು ಹರಾಜಿನಷ್ಟೇ ಹಳೇ ಆಟ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್‌ನಲ್ಲೇ ಇದಕ್ಕೆ ಕಡಿವಾಣ ಇದೆ. ಬಿಡ್ ಹಾಕುವ ಹಕ್ಕು ತನಗೂ ಇದೆ ಅಂತ ಮಾರುವವನು ಮೊದಲೇ ಹೇಳಿರದಿದ್ದರೆ ಅವನೂ ಹಾಕುವಂತಿಲ್ಲ, ಬೇರೆಯವರಿಂದ ಹಾಕಿಸುವಂತೆಯೂ ಇಲ್ಲ. ಸುಳ್ಳು ಬಿಡ್‌ನಿಂದ ಬೆಲೆ ಏರಿಸಿದ್ದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು. ಕಾಯ್ದೆ ಚೆನ್ನಾಗಿದೆ, ಆದರೆ ಚುಕ್ಕಿಗಳ ಹಿಂದೆ ಇದ್ದವನು ಯಾರು ಅಂತ ನೀವು ಸಾಬೀತು ಮಾಡುವುದು ಹೇಗೆ?

ಇಲ್ಲಿ ಅಮೆರಿಕದ ಆನ್‌ಲೈನ್ ಹರಾಜು ಕಂಪನಿ ಈಬೇ ಮಾಡಿದ್ದು ನೋಡಿ. 1995ರಲ್ಲಿ ಶುರುವಾದಾಗ ಅಲ್ಲಿ ಬಿಡ್ ಹಾಕಿದವರ ಗುರುತು ಎಲ್ಲರಿಗೂ ಕಾಣುತ್ತಿತ್ತು. ಮೋಸಗಾರರು ಅದನ್ನೇ ಹಿಡಿದುಕೊಂಡು, ಸೋತವರಿಗೆ "ಗೆದ್ದವರು ಹಿಂದೆ ಸರಿದಿದ್ದಾರೆ, ನಿಮ್ಮ ಬೆಲೆಗೇ ಕೊಡುತ್ತೇವೆ, ಹಣ ಕಳಿಸಿ" ಅಂತ ಸುಳ್ಳು ಮೇಲ್ ಕಳಿಸತೊಡಗಿದರು. ಆಮೇಲೆ ಕಂಪನಿ ಗುರುತು ಮರೆಮಾಡಿತು. ಆದರೆ ಜೊತೆಗೆ ಒಂದು ಜಾಣತನವನ್ನೂ ಮಾಡಿತು. ಈ ವ್ಯಕ್ತಿ ಈಚೆಗೆ ಹಾಕಿದ ಬಿಡ್‌ಗಳಲ್ಲಿ ಶೇಕಡಾ ಎಷ್ಟು ಇದೇ ಮಾರಾಟಗಾರನ ವಸ್ತುಗಳಿಗೆ ಅಂತ ತೋರಿಸಿತು. ಹೆಸರು ಗೊತ್ತಿಲ್ಲ, ಆದರೆ ಒಬ್ಬನೇ ಮಾರಾಟಗಾರನ ಬಾಲ ಹಿಡಿದು ಓಡಾಡುವವನು ಸಿಕ್ಕಿಬೀಳುತ್ತಾನೆ. ನನಗೆ ಬೇಕಿರುವುದು ಇಂಥ ಮರೆ. ಈ ಲೆಕ್ಕವನ್ನೂ ಮುಚ್ಚಿಟ್ಟು, "ನಮ್ಮನ್ನು ನಂಬಿ" ಅನ್ನುವ ಹರಾಜಿಗೆ ಮಾತ್ರ ನಾನು ಕೈ ಹಾಕುವುದಿಲ್ಲ.

ನಿಮ್ಮ ಪ್ರಕರಣದಲ್ಲಿ ಬೇನಾಮಿ ಇರಲಿಕ್ಕಿಲ್ಲ ಅನಿಸುತ್ತದೆ. ಬೆಲೆ ಏರಿಸಲು ಬಂದವನಿಗೆ ತಾನು ಗೆಲ್ಲುವುದು ಬೇಕಿರುವುದಿಲ್ಲ, ನಿಮ್ಮನ್ನು ಜಾಸ್ತಿ ಬೆಲೆಗೆ ಗೆಲ್ಲಿಸುವುದು ಬೇಕು. ಅವನು ಕೊನೇ ಕ್ಷಣದಲ್ಲಿ ಬರುವುದಿಲ್ಲ, ಆಗ ಜಾಗ ಖಾಲಿ ಮಾಡಿರುತ್ತಾನೆ. ಕೊನೇ ಸೆಕೆಂಡಿಗೆ ಕಾದು ಕೂತವನು ನಿಜವಾದ ಗಿರಾಕಿ. ಬೇಕಾದರೆ ಹೀಗೆ ಮಾಡಿ: ನೀವು ಕೊಡಬಲ್ಲ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಡುವ ಸೌಲಭ್ಯ ಇದೆಯಾ ನೋಡಿ. ಎದುರಾಳಿ ಏರಿಸಿದಷ್ಟೇ, ಒಂದೊಂದು ಮೆಟ್ಟಿಲು, ಅದು ನಿಮ್ಮ ಪರವಾಗಿ ಏರುತ್ತದೆ. ಗೆದ್ದರೆ ಎರಡನೆಯವನ ಬೆಲೆಗಿಂತ ಒಂದು ಮೆಟ್ಟಿಲು ಮಾತ್ರ ಜಾಸ್ತಿ ಕೊಡುತ್ತೀರಿ. ಗೆದ್ದವನು ಎರಡನೆಯವನ ಬೆಲೆ ಕೊಡುವ ಹರಾಜಿನಲ್ಲಿ ಮನಸ್ಸಿನಲ್ಲಿರುವ ನಿಜವಾದ ಬೆಲೆ ಬರೆಯುವುದೇ ಜಾಣತನ ಅಂತ 1961ರಲ್ಲಿ ತೋರಿಸಿದವರು ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೆಸರಲ್ಲ, ಬೆಲೆಯನ್ನೇ ಮುಚ್ಚುವ ಪದ್ಧತಿಯೂ ಇದೆ, ಅದು ಬೇರೆ ಕಥೆ. 2010ರ ಐಪಿಎಲ್ ಹರಾಜಿನಲ್ಲಿ ವೆಸ್ಟ್ ಇಂಡೀಸ್ ಆಟಗಾರ ಪೊಲಾರ್ಡ್ ಬೆಲೆ ಗರಿಷ್ಠ ಮಿತಿಯಾದ ಏಳೂವರೆ ಲಕ್ಷ ಡಾಲರ್‌ಗೆ ಮುಟ್ಟಿದ ಮೇಲೆ ತಂಡಗಳು ಗುಟ್ಟಾಗಿ ಮೊತ್ತ ಬರೆದುಕೊಟ್ಟವು. ಮುಂಬೈ ಗೆದ್ದಿತು. ನಮ್ಮ ಎಪಿಎಂಸಿಗಳ ಇ-ಟೆಂಡರ್ ಕೂಡ ಹೀಗೇ. ವ್ಯಾಪಾರಿ ಹಾಕಿದ ದರ ಸಮಯ ಮುಗಿಯುವವರೆಗೆ ಇನ್ನೊಬ್ಬನಿಗೆ ಕಾಣುವುದಿಲ್ಲ. ನಮ್ಮ ಕರಿಮೆಣಸು ಹೆಚ್ಚಾಗಿ ಊರಿನ ವ್ಯಾಪಾರಿಗೇ ಹೋಗುತ್ತದೆ ಬಿಡಿ, ಆದರೂ ಬೆಳೆಗಾರನ ಕಡೆಯಿಂದ ನೋಡಿದರೆ ಇದು ಒಳ್ಳೆಯದೇ. ಕೊಳ್ಳುವ ನಾಲ್ಕೈದು ಜನ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವವರಾಗಿದ್ದಾಗ ಬಹಿರಂಗ ಹರಾಜಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡೇ ಬೆಲೆ ಅದುಮಬಹುದು. ಒಪ್ಪಂದ ಮುರಿದವನು ಅಲ್ಲೇ ಕಾಣುತ್ತಾನೆ. ದರ ಮುಚ್ಚಿದ್ದರೆ ಒಬ್ಬ ಗುಟ್ಟಾಗಿ ಹತ್ತು ರೂಪಾಯಿ ಜಾಸ್ತಿ ಬರೆದು ಮಾಲು ಹೊಡೆಯಬಹುದು, ಉಳಿದವರಿಗೆ ಗೊತ್ತಾಗುವಾಗ ಹೊತ್ತು ಮೀರಿರುತ್ತದೆ.

ಮತ್ತೊಂದು ಮಾತು. ಆ ದೀಪ ನೂರು ವರ್ಷಕ್ಕಿಂತ ಹಳೆಯದು ಅಂತ ಹೇಳಿ ಮಾರಿದ್ದರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ, ಅಂಥ ವಸ್ತುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಮುಂದಿನ ಸಲ ಮೊದಲೇ ಕೇಳಿ. ಮತ್ತೆ ಈ ವಾರದಲ್ಲಿ "ಗೆದ್ದವರು ಬೇಡ ಅಂದರು, ನೀವೇ ತಗೊಳ್ಳಿ" ಅಂತ ಮೇಲ್ ಬಂದರೆ ದುಡ್ಡು ಕಳಿಸಬೇಡಿ. ಆ ಮೇಲ್‌ನ ಒಂದು ಪ್ರತಿ ನಮಗೆ ಕಳಿಸಿ.